ಟರ್ಕಿಗೆ ಬ್ಯಾಗ್ ಹೊತ್ತು ಹೊರಟವರಿಗೆ

ಪ್ರಾಚೀನ ನಗರ ಎಫೆಸಸ್‌ನ ಅವಶೇಷಗಳನ್ನು ನೋಡುವುದಿದ್ದರೆ ಸೆಲ್ಚುಕ್ ಊರಲ್ಲೇ ಉಳಿದುಕೊಳ್ಳಿ. ಅಲ್ಲಿನ ಬಸ್ ನಿಲ್ದಾಣದಿಂದ ದೋಲ್ಮುಷ್ ಎಂಬ ಮಿನಿಬಸ್ ಎಫೆಸಸ್‌ನ ಕೆಳಗಿನ ಗೇಟಿಗೆ ಬಿಡುತ್ತದೆ. ಆದರೆ ಟ್ಯಾಕ್ಸಿ ಮಾಡಿಕೊಂಡು ಮೇಲಿನ ಗೇಟಿಗೆ ಹೋಗುವುದೇ ವಾಸಿ. ಇಳಿಜಾರಿನಲ್ಲೇ ನಡೆದು ರೋಮನ್ನರ ಕಾಲದ ಸೆಲ್ಸಸ್ ಗ್ರಂಥಾಲಯ ತಲುಪಬಹುದು. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ, ಒಳಗೆ ನೆರಳು ಕಡಿಮೆ. ಕಾಲು ತುಳಿದು ನುಣುಪಾದ ಅಮೃತಶಿಲೆ ಜಾಸ್ತಿ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.

ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ, ನೆನಪಿರಲಿ.

ಸಮುದ್ರಕ್ಕೆ ನನ್ನ ಆಯ್ಕೆ ಪತಾರಾ. ಆ ಕರಾವಳಿಯ ಪ್ರಾಚೀನ ಜನರಾದ ಲೈಸಿಯನ್ನರ ಹಳೆಯ ನಗರದ ಅವಶೇಷಗಳನ್ನು ದಾಟಿಯೇ ಮರಳಿನ ದಂಡೆಗೆ ಹೋಗಬೇಕು. ಅಲ್ಲಿ ಕಡಲಾಮೆಗಳು ಮೊಟ್ಟೆ ಇಡುವ ಕಾಲದಲ್ಲಿ ರಾತ್ರಿ ಪ್ರವೇಶವಿಲ್ಲ. ಸುಮ್ನೆ ಟಾರ್ಚ್ ಹಿಡಿದು ನುಗ್ಗಬೇಡಿ, ಬೆಳಕು ಕಂಡರೆ ಮರಿಗಳು ಸಮುದ್ರದ ದಾರಿ ತಪ್ಪುತ್ತವೆ.