ಹಳೆ ಹೀಟ್ ಪಂಪ್ ಇಳಿಸಿ ಹೊಸದು ಕೂರಿಸಿದ್ದು: ಅನಗೋಳದ ನಮ್ಮ ಮನೆಯ ಬಿಸಿನೀರಿನ ಲೆಕ್ಕ

ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪಿಗೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರೊಳಗಿನ ಗ್ಯಾಸ್ ಖರ್ಚಾಗುವ ವಸ್ತುವೇ ಅಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ಬೆಳಗಾವಿಯ ಅನಗೋಳದಲ್ಲಿರುವ ನಮ್ಮ ಮನೆಯಲ್ಲಿ ಮಾತ್ರ ಪ್ರತಿ ಮಳೆಗಾಲದ ಮೊದಲು ಗ್ಯಾಸ್ ಹಾಕಿಸುವುದು ಒಂದು ರೂಢಿಯೇ ಆಗಿಬಿಟ್ಟಿತ್ತು. ಹಾಕಿಸಿದ ಮೇಲೆ ಕೆಲವು ತಿಂಗಳು ನೀರು ಚೆನ್ನಾಗಿ ಕಾಯುತ್ತಿತ್ತು. ಆಮೇಲೆ ಮತ್ತೆ ಉಗುರುಬೆಚ್ಚಗೆ.

ನಮ್ಮದು ಆರು ಜನರ ಮನೆ. ಮೊದಲು ತಾಮ್ರದ ಬಂಬ್ ಇತ್ತು. ಅದಕ್ಕೆ ಕಟ್ಟಿಗೆ, ತೆಂಗಿನ ಚಿಪ್ಪು ಹೊಂದಿಸುವುದು ಕಷ್ಟವಾದಾಗ ಗೀಸರ್ ಬಂತು. ಗೀಸರಿನ ಬಿಲ್ಲು ನೋಡಿ ಅಣ್ಣ ಹೀಟ್ ಪಂಪ್ ಹಾಕಿಸಿದ. 300 ಲೀಟರ್ ಟ್ಯಾಂಕ್ ಒಂದು ಕಡೆ, ಎಸಿಯ ಹೊರಗಿನ ಪೆಟ್ಟಿಗೆಯಂಥದ್ದು ಇನ್ನೊಂದು ಕಡೆ, ನಡುವೆ ತಾಮ್ರದ ಪೈಪು. ಒಳಗೆ ಆರ್-22 ಗ್ಯಾಸ್.

ಗೀಸರ್ ಕರೆಂಟನ್ನೇ ಶಾಖ ಮಾಡುತ್ತದೆ. ಒಂದು ಯೂನಿಟ್ ಕೊಟ್ಟರೆ ಒಂದೇ ಯೂನಿಟ್ಟಿನ ಶಾಖ. ಹೀಟ್ ಪಂಪ್ ಹಾಗಲ್ಲ, ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಫ್ರಿಜ್ಜಿನ ಹಿಂಭಾಗ ಬೆಚ್ಚಗಾಗುತ್ತದಲ್ಲ, ಅದೇ ಕೆಲಸ ದೊಡ್ಡದಾಗಿ. ಕರೆಂಟು ಖರ್ಚಾಗುವುದು ಕಂಪ್ರೆಸರ್ ಮತ್ತು ಫ್ಯಾನ್ ತಿರುಗಿಸಲು ಮಾತ್ರ. ಹಾಗಾಗಿ ಸರಿಯಾಗಿ ಓಡುವ ಯಂತ್ರ ಒಂದು ಯೂನಿಟ್ಟಿಗೆ ಮೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಯೂನಿಟ್ಟಿನ ಶಾಖ ಕೊಡುತ್ತದೆ.

ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡುವವನು. ಅಳೆಯದೆ ಯಾವುದನ್ನೂ ಬಿಚ್ಚಬಾರದು ಅನ್ನುವುದು ಅಲ್ಲಿಂದ ಬಂದ ಚಾಳಿ. ಹೊಸದು ಕೊಳ್ಳುವ ಮಾತು ಬಂದಾಗ ಮೊದಲು ಹಳೆಯದರ ಲೈನಿಗೆ ಒಂದು ಸಬ್ ಮೀಟರ್ ಹಾಕಿದೆ. 300 ಲೀಟರ್ ನೀರು 15 ಡಿಗ್ರಿ ಏರಿತು. ಅದಕ್ಕೆ ಬೇಕಾದ ಶಾಖ 5.2 ಯೂನಿಟ್. ಮೀಟರ್ ತೋರಿಸಿದ್ದು 3.7. ಅಂದರೆ ಒಂದಕ್ಕೆ ಒಂದೂವರೆ ಕೂಡ ಇಲ್ಲ! ಹೆಸರಿಗೆ ಹೀಟ್ ಪಂಪ್, ಕೆಲಸದಲ್ಲಿ ಗೀಸರಿನ ಅಣ್ಣ.

ಈ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, ಬಂದದ್ದನ್ನು 860ರಿಂದ ಭಾಗಿಸಿ. ಸಿಗುವುದು ನೀರಿಗೆ ಸೇರಿದ ಶಾಖ, ಯೂನಿಟ್ಟಿನಲ್ಲಿ. ಅದನ್ನು ಮೀಟರಿನ ಯೂನಿಟ್ಟಿನಿಂದ ಭಾಗಿಸಿದರೆ ಯಂತ್ರದ ಯೋಗ್ಯತೆ ಗೊತ್ತಾಗುತ್ತದೆ. ಕಾಯಿಸುವಾಗ ಯಾರೂ ನಲ್ಲಿ ಬಿಡಬಾರದು, ಅಷ್ಟೇ ಷರತ್ತು.

ಸೋರಿಕೆ ಮುಚ್ಚಿ ಅದನ್ನೇ ಓಡಿಸಬಹುದಿತ್ತಲ್ಲ ಅಂತ ಕೇಳಬಹುದು. ಟ್ಯಾಂಕಿನ ಆನೋಡ್ ರಾಡ್ ಬಿಚ್ಚಿ ನೋಡಿದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿ ಅದು. ನಡುವಿನ ತಂತಿ ಬಿಟ್ಟರೆ ಏನೂ ಉಳಿದಿರಲಿಲ್ಲ, ಬಿಸಿನೀರಿನ ನಲ್ಲಿಯಲ್ಲಿ ಕೆಂಪು ನೀರು ಬೇರೆ. ಇನ್ನು ಆರ್-22. ಅದು ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್, 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬಳಕೆಯಿಂದ ಹೊರಗೆ ಹೋಗುತ್ತಿರುವಂಥದ್ದು. ಅದರ ಜಾಗದಲ್ಲಿ ಈಗಿನ ಆರ್-410ಎ ಹಾಕೋಣ ಅಂದರೆ ಆಗುವುದಿಲ್ಲ. ಅದರ ಒತ್ತಡ ಆರ್-22ಕ್ಕಿಂತ ತುಂಬಾ ಜಾಸ್ತಿ, ಕಂಪ್ರೆಸರಿನ ಎಣ್ಣೆಯೂ ಬೇರೆ. "ಎಲ್ಲಾ ಗ್ಯಾಸೂ ನಡೀತೈತ್ರಿ" ಅನ್ನುವ ಮೆಕ್ಯಾನಿಕ್ಕನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಹೊಸದರ ಸೈಜು ಗೊತ್ತು ಮಾಡಿದ್ದು ಬಕೆಟ್ ಲೆಕ್ಕದಿಂದ. ಅಂಗಡಿಯವರು 300 ಲೀಟರೇ ಇರಲಿ, ಸಾಧ್ಯವಾದರೆ ಇನ್ನೂ ದೊಡ್ಡದು ಅನ್ನುತ್ತಿದ್ದರು. ನಾವು ಮೈಮೇಲೆ ಹಾಕಿಕೊಳ್ಳುವ ನೀರು ಸುಮಾರು 40 ಡಿಗ್ರಿ ಇರುತ್ತದೆ. ಟ್ಯಾಂಕಿನ ನೀರು 55 ಇದ್ದು, ಚಳಿಗಾಲದ ತಣ್ಣೀರು 20 ಇದ್ದರೆ, 20 ಲೀಟರಿನ ಒಂದು ಬಕೆಟ್ ಸ್ನಾನದ ನೀರಿಗೆ ಬೇಕಾಗುವ ಬಿಸಿನೀರು ಹನ್ನೊಂದೂವರೆ ಲೀಟರ್ ಮಾತ್ರ. ಆರು ಜನರಿಗೆ ಎರಡೆರಡು ಬಕೆಟ್ ಹಿಡಿದರೂ 140 ಲೀಟರ್ ದಾಟುವುದಿಲ್ಲ. ಅಡುಗೆಮನೆಗೆ ಇನ್ನೊಂದಿಷ್ಟು. ದಿನಾ 100 ಲೀಟರ್ ನೀರನ್ನು ಸುಮ್ನೆ ಕಾಯಿಸಿ ತಣಿಸುವುದರಲ್ಲಿ ಅರ್ಥವಿಲ್ಲ. 200 ಲೀಟರ್ ಸಾಕು ಅಂತ ನಿರ್ಧರಿಸಿದೆ. ಗಣಪತಿ ಹಬ್ಬಕ್ಕೆ ಪುಣೆ, ಮುಂಬೈಯಿಂದ ನೆಂಟರು ಬಂದಾಗ ಹೇಗೆ ಅಂತ ವೈನಿ, ಅಂದರೆ ಅತ್ತಿಗೆ, ಕೇಳಿದರು. ಆವಾಗ ದಿನಕ್ಕೆ ಎರಡು ಸಲ ಓಡಿಸಿದರಾಯಿತು. ವರ್ಷದ ಕೆಲವು ದಿನಕ್ಕಾಗಿ ವರ್ಷವಿಡೀ ದೊಡ್ಡ ಟ್ಯಾಂಕ್ ಯಾಕೆ ಸಾಕಬೇಕು?

ಸೋಲಾರ್ ಯಾಕಲ್ಲ ಅನ್ನುವುದು ಊರಿನ ಮೇಲೆ ನಿಂತ ಮಾತು. ವಿಜಯಪುರದ ತಂಗಿ ಫೋನಿನಲ್ಲಿ "ಅಣ್ಣಾ, ನಾವೂ ಇದನ್ನ ಹಾಕಸ್ಲೇನು?" ಅಂದಾಗ "ಬ್ಯಾಡವಾ, ನಿಮ್ಮೂರ ಬಿಸಿಲಿಗೆ ಸೋಲಾರ್ ಸಾಕು" ಅಂದೆ. ಅಲ್ಲಿ ಮತ್ತು ಬಾಗಲಕೋಟೆಯಲ್ಲಿ ಮೋಡ ಕಟ್ಟಿಕೊಂಡು ವಾರಗಟ್ಟಲೆ ಕೂರುವುದು ಕಮ್ಮಿ. ಬೆಳಗಾವಿ ಸಹ್ಯಾದ್ರಿಯ ಮಗ್ಗುಲಿಗಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಸೂರ್ಯನನ್ನು ನಂಬಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಆಗುವುದಿಲ್ಲ. ಬಿಸಿನೀರು ಜಾಸ್ತಿ ಬೇಕಾಗುವುದೂ ಅದೇ ತಿಂಗಳುಗಳಲ್ಲಿ.

ಮಳೆಗಾಲದ ತೇವ ಹೀಟ್ ಪಂಪಿಗೆ ಕೆಟ್ಟದ್ದು ಅಂತ ನನಗೆ ತುಂಬಾ ಜನ ಹೇಳಿದರು. ನಮ್ಮ ಊರಿನ ಮಟ್ಟಿಗೆ ಇದು ಪೂರ್ತಿ ಉಲ್ಟಾ. ಗಾಳಿಯ ಶಾಖ ಎಳೆಯುವ ತಣ್ಣನೆಯ ಕಾಯಿಲಿನ (ಸುರುಳಿ ಪೈಪಿನ) ಮೇಲೆ ಗಾಳಿಯ ತೇವ ನೀರಾಗಿ ಹನಿಗಟ್ಟುವಾಗ ತನ್ನಲ್ಲಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಲೀಟರ್ ಹಾಗೆ ಇಳಿದರೆ ಸುಮಾರು 0.68 ಯೂನಿಟ್ಟಿನ ಶಾಖ. ಅದೂ ನಮ್ಮ ಟ್ಯಾಂಕಿಗೇ ಹೋಗುತ್ತದೆ. ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುವ ತೊಂದರೆ ಇರುವುದು ಹಿಮದ ದೇಶಗಳಲ್ಲಿ. ಇಲ್ಲಿ ಜುಲೈಯ ಹಗಲು 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ.

ಹಾಗಾದರೆ ಹಳೆಯದು ಯಾಕೆ ಸೋಲುತ್ತಿತ್ತು? ಸೋರಿಕೆ ಒಂದು ಕಾರಣ. ದೊಡ್ಡ ಕಾರಣ ಅದು ಕೂತ ಜಾಗ. ಬಚ್ಚಲುಮನೆ ಮತ್ತು ಕಾಂಪೌಂಡಿನ ನಡುವಿನ ಡಕ್ಟಿನಲ್ಲಿ, ಮೂರು ಕಡೆ ಗೋಡೆ ಇರುವಲ್ಲಿ ಇಟ್ಟಿದ್ದರು. ಕಣ್ಣಿಗೆ ಕಾಣಬಾರದು ಅಂತ. ಶಾಖ ಕಳೆದುಕೊಂಡು ತಣ್ಣಗಾಗಿ ಹೊರಬಂದ ಗಾಳಿ ಎಲ್ಲಿಗೂ ಹೋಗಲಾರದೆ ಮತ್ತೆ ಅದೇ ಯಂತ್ರದೊಳಗೆ ನುಗ್ಗುತ್ತಿತ್ತು. ಡಕ್ಟಿನೊಳಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ಹೊರಗೆ 24, ಒಳಗೆ 15. ನಾವು ಬೆಳಗಾವಿಯಲ್ಲಿದ್ದರೂ ಯಂತ್ರವನ್ನು ಮಾತ್ರ ಊಟಿಯಲ್ಲಿ ಇಟ್ಟಿದ್ದೆವು. ಎಷ್ಟು ಒಳ್ಳೆಯ ಕಂಪನಿಯದು ತಂದು ಅಲ್ಲೇ ಇಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ನನ್ನ ಪ್ರಕಾರ ಬ್ರಾಂಡ್ ಹುಡುಕುವುದಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಜಾಗ ಹುಡುಕುವುದಕ್ಕೆ ಕೊಡಬೇಕು.

ಹೊಸದಕ್ಕೆ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಜಾಗ ಮಾಡಿದೆವು. ಮೂರು ಕಡೆ ಬಯಲು, ಬಚ್ಚಲುಮನೆಯ ಗೋಡೆ ಪಕ್ಕದಲ್ಲೇ. ತಾರಸಿಯ ಮೇಲೆ ಇಡಬಹುದಿತ್ತು, ಆದರೆ 200 ಲೀಟರ್ ನೀರು ಮತ್ತು ಟ್ಯಾಂಕಿನ ತೂಕ ಸೇರಿದರೆ ಹತ್ತಿರ ಹತ್ತಿರ 300 ಕಿಲೋ. ಹಳೆ ಮನೆಯ ಸ್ಲ್ಯಾಬಿನ ನಡುಮಧ್ಯೆ ಅದನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಜೊತೆಗೆ ಪೈಪು ಉದ್ದವಾಗುತ್ತಿತ್ತು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ನಲ್ಲಿ ಬಿಟ್ಟಾಗ ಅಷ್ಟೂ ತಣ್ಣೀರು ಮೊದಲು ಬರಬೇಕು. ಅರ್ಧ ಇಂಚಿನದಾದರೆ ಅದರ ಅರ್ಧಕ್ಕೂ ಕಮ್ಮಿ. ಬಿಸಿನೀರಿನ ಲೈನ್ ಪೂರ್ತಿ ಅರ್ಧ ಇಂಚು ಮಾಡಿಸಿ, ಮೇಲೆ ಕಪ್ಪು ರಬ್ಬರಿನ ಇನ್ಸುಲೇಶನ್ ತೊಡಿಸಿದೆ.

ಯಂತ್ರ ಆರಿಸುವಾಗ ಟ್ಯಾಂಕೂ ಪಂಪೂ ಒಂದೇ ಆಗಿರುವುದನ್ನು ತಗೊಂಡೆ. ಗ್ಯಾಸಿನ ಜಾಯಿಂಟುಗಳನ್ನೆಲ್ಲ ಫ್ಯಾಕ್ಟರಿಯಲ್ಲೇ ಬೆಸುಗೆ ಹಾಕಿ ಕಳಿಸುತ್ತಾರೆ. ಮನೆಯಲ್ಲಿ ಪೈಪಿನ ಬಾಯಿ ಅಗಲಿಸಿ ನಟ್ ಬಿಗಿಯುವ ಕೆಲಸವೇ ಇಲ್ಲ. ನಮ್ಮ ಹಳೆಯದು ಸೋರುತ್ತಿದ್ದದ್ದು ಅಂಥ ನಟ್ಟಿನಲ್ಲೇ. ನೀರು ಕಾಯಿಸುವ ಕಾಯಿಲು ಟ್ಯಾಂಕಿನ ಹೊರಮೈಗೆ ಸುತ್ತಿರುತ್ತದೆ, ನೀರಿನೊಳಗೆ ಮುಳುಗಿರುವುದಿಲ್ಲ. ಊರಿಗೆ ನೀರು ಕೊಡುವ ರಾಕಸಕೊಪ್ಪ ಜಲಾಶಯದ ನೀರು ಬರದ ದಿನ ನಾವು ಬೋರಿನ ಗಡಸು ನೀರು ತುಂಬುತ್ತೇವೆ, ಅದರ ಸುಣ್ಣ ಕಾಯಿಲಿಗೆ ಕಟ್ಟಬಾರದು, ಅದಕ್ಕೆ ಇದು ಮುಖ್ಯ. ಗ್ಯಾಸು ಆರ್-134ಎ. ಓಝೋನಿಗೆ ಹಾನಿಯಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಅದೂ ಕಮ್ಮಿಯೇನಲ್ಲ. ಪ್ರೊಪೇನ್, ಅಂದರೆ ಆರ್-290 ಹಾಕಿದ್ದು ಆ ವಿಷಯದಲ್ಲಿ ಎಷ್ಟೋ ಮೇಲು. ನನಗೆ ಬೇಕಾದ ಸೈಜಿನಲ್ಲಿ, ಇಲ್ಲೇ ಸರ್ವಿಸ್ ಸಿಗುವಂಥದ್ದು ಸಿಗಲಿಲ್ಲ.

ಹಳೆಯದನ್ನು ಬಿಚ್ಚಲು ಬಂದ ಹುಡುಗ ನೇರವಾಗಿ ಸ್ಪ್ಯಾನರ್ ಹಚ್ಚಿದ. "ಸಾಹೇಬ್ರ, ಗಾಳಿಗೆ ಬಿಟ್ರ ಎರಡ ನಿಮಿಷದ ಕೆಲಸ" ಅಂದ. "ಬ್ಯಾಡ ತಮ್ಮಾ, ಸಿಲಿಂಡರಿಗೆ ತುಂಬಕೋ" ಅಂದೆ. ಗ್ಯಾಸ್ ಎಳೆಯುವ ರಿಕವರಿ ಯಂತ್ರ ಹಚ್ಚಿದರೆ ಅದು ಸಿಲಿಂಡರಿಗೆ ಬಂದು ಸೇರುತ್ತದೆ. ಆಮೇಲೆ ಪೈಪು ಬಿಚ್ಚಬಹುದು. ಒಂದು ಕಿಲೋ ಆರ್-22 ಗಾಳಿಗೆ ಬಿಟ್ಟರೆ ಅದು 1,800 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಹುಡುಗನಿಗೆ ಈ ಲೆಕ್ಕ ಹೇಳಿದ್ದಕ್ಕಿಂತ, ಸಿಲಿಂಡರಿಗೆ ತುಂಬಿಕೊಂಡರೆ ಆ ಗ್ಯಾಸಿಗೆ ಈಗಲೂ ಬೆಲೆ ಇದೆ ಅಂದದ್ದು ಬೇಗ ತಲೆಗೆ ಹೋಯಿತು. ಹೊಸದನ್ನು ತರುವಾಗ ಟೆಂಪೋದಲ್ಲಿ ನೆಟ್ಟಗೆ ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ.

ನೀರಿನ ಜೋಡಣೆಯಲ್ಲಿ ಒಂದು ವಿಷಯವನ್ನು ಪ್ಲಂಬರುಗಳು ಹಗುರವಾಗಿ ತಗೊಳ್ಳುತ್ತಾರೆ. 200 ಲೀಟರ್ ನೀರು 20ರಿಂದ 55 ಡಿಗ್ರಿಗೆ ಬಂದರೆ ಸುಮಾರು ಎರಡೂವರೆ ಲೀಟರ್ ಹಿಗ್ಗುತ್ತದೆ. ಆ ಎರಡೂವರೆ ಲೀಟರಿಗೆ ದಾರಿ ಬೇಕು. ಒಳಬರುವ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಅದು ತಾರಸಿಯ ಟ್ಯಾಂಕಿಗೆ ವಾಪಸ್ ಹೋಗಲಾರದು. ಆಗ ಒತ್ತಡ ಜಾಸ್ತಿಯಾದರೆ ತೆರೆದುಕೊಳ್ಳುವ ರಿಲೀಫ್ ವಾಲ್ವಿನಿಂದಲೇ ಹೊರಬರಬೇಕು. ನಮ್ಮದರಲ್ಲಿ ಕಾಯುವ ಹೊತ್ತಿನಲ್ಲಿ ಅಲ್ಲಿಂದ ತೊಟ್ಟಿಕ್ಕುತ್ತದೆ. ಅದು ಸೋರಿಕೆ ಅಲ್ಲ, ಅದರ ಕೆಲಸ. "ನೀರು ಹಾಳಾಗುತ್ತೆ" ಅಂತ ಆ ಬಾಯಿಗೆ ಪ್ಲಗ್ ಜಡಿದ ಮನೆಗಳನ್ನು ನೋಡಿದ್ದೇನೆ. ಟ್ಯಾಂಕ್ ಒಡೆಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಕರೆಂಟಿನದು ದೊಡ್ಡ ಕಥೆಯಲ್ಲ. ಬೇರೆ ಎಂಸಿಬಿ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್. ಒಂದೇ ಎಚ್ಚರ: ಹೊಸ ಯಂತ್ರಗಳಲ್ಲಿ ಗೀಸರಿನಂಥ ಒಂದು ಬ್ಯಾಕಪ್ ಎಲಿಮೆಂಟ್ ಇರುತ್ತದೆ, ಅದು ಆಟೋದಲ್ಲಿರುತ್ತದೆ. ಬೇಗ ಕಾಯಲಿ ಅಂತ ತಾನೇ ಶುರುವಾಗಿ ಕರೆಂಟು ನುಂಗುತ್ತದೆ. ನಾನು ಅದನ್ನು ಸೆಟ್ಟಿಂಗಿನಲ್ಲೇ ಬಂದ್ ಮಾಡಿ, ವಾರಕ್ಕೊಮ್ಮೆ ಮಾತ್ರ ಟ್ಯಾಂಕನ್ನು 60 ಡಿಗ್ರಿ ದಾಟಿಸಲು ಇಟ್ಟಿದ್ದೇನೆ, ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸಾಯಲಿ ಅಂತ. ಹಾಗೇ, ಕರೆಂಟು ಹೋಗಿ ಬಂದ ಮೇಲೆ ಟೈಮರ್ ನೆನಪಿಟ್ಟುಕೊಳ್ಳುತ್ತದೆಯೇ ಅಂತ ಅಂಗಡಿಯಲ್ಲೇ ಸ್ವಿಚ್ ತೆಗೆದು ಹಾಕಿ ನೋಡಿ.

ಟೈಮರ್ ಯಾವಾಗಿನದು? ಎಲ್ಲರೂ ಬೆಳಗಿನ ಜಾವಕ್ಕೆ ಇಡುತ್ತಾರೆ, ಗೀಸರಿನ ಅಭ್ಯಾಸ. ಜನವರಿಯ ಬೆಳಗಿನ ಜಾವ ಇಲ್ಲಿ 14 ಡಿಗ್ರಿಯ ಆಸುಪಾಸು, ಮಧ್ಯಾಹ್ನ 28ರಿಂದ 30. ಗಾಳಿ ಬೆಚ್ಚಗಿರುವಾಗ ಕಾಯಿಸಿ ಇಟ್ಟುಕೊಳ್ಳುವುದೇ ಜಾಣತನ, ಅಲ್ವಾ? ನಮ್ಮದು ಹನ್ನೊಂದು ಗಂಟೆಗೆ ಶುರು. ಮಧ್ಯಾಹ್ನ 55 ಮುಟ್ಟಿದ್ದು ಮರುದಿನ ಬೆಳಗ್ಗೆ 52 ಇರುತ್ತದೆ. "ಬಂಬಿನ ನೀರಿನ ಹಂಗ ಮೈಗೆ ಹತ್ತಂಗಿಲ್ಲ ಬಿಡಪಾ" ಅನ್ನುವುದನ್ನು ಅವ್ವ ಇನ್ನೂ ಬಿಟ್ಟಿಲ್ಲ, ಆದರೆ ಎರಡು ಬಕೆಟ್ ತುಂಬಿಸಿಕೊಳ್ಳುತ್ತಾಳೆ.

ಮತ್ತೆ ಅಳೆದೆ. ಜುಲೈಯಲ್ಲಿ 200 ಲೀಟರ್ ನೀರು 23ರಿಂದ 55ಕ್ಕೆ ಬರಲು 2.2 ಯೂನಿಟ್, ಅಂದರೆ ಒಂದಕ್ಕೆ 3.4. ಜನವರಿಯಲ್ಲಿ 20ರಿಂದ 55ಕ್ಕೆ 2.7 ಯೂನಿಟ್, ಒಂದಕ್ಕೆ ಮೂರು. ಮಳೆಗಾಲವೇ ಗೆದ್ದಿತು. ಯಂತ್ರಕ್ಕೆ ಲಕ್ಷದ ಮೇಲೆ ಖರ್ಚಾಗಿದೆ, ಅದು ಯಾವಾಗ ವಾಪಸ್ ಬರುತ್ತದೆ ಅನ್ನುವುದು ಮನೆ ಮನೆಗೆ ಬೇರೆ. ನಮ್ಮ ಲೆಕ್ಕಕ್ಕೆ ಗೃಹಜ್ಯೋತಿಯೂ ಸೇರುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ನಾವು ಬಳಸುವಷ್ಟು ನೀರಿಗೆ ಚಳಿಗಾಲದಲ್ಲಿ ಗೀಸರ್ ಒಂದೇ 180ರ ಮೇಲೆ ತಿನ್ನುತ್ತದೆ. ಈಗ ಬಿಸಿನೀರಿಗೆ ಹೋಗುವುದು 60–70. ಉಳಿದದ್ದರಲ್ಲಿ ಫ್ರಿಜ್ಜು, ಮಿಕ್ಸರ್, ಲೈಟು, ಫ್ಯಾನು ಎಲ್ಲಾ ನಡೆಯುತ್ತದೆ.

ಒಂದು ತಕರಾರು ವೈನಿಯಿಂದ ಬಂತು. ತಣ್ಣನೆಯ ಗಾಳಿ ನೇರ ಬಟ್ಟೆ ಒಣಹಾಕುವ ಹಗ್ಗದ ಕಡೆ ಬೀಸುತ್ತಿತ್ತು. ಮಳೆಗಾಲದಲ್ಲಿ ಮೊದಲೇ ಬಟ್ಟೆ ಒಣಗುವುದಿಲ್ಲ. ತಗಡಿನ ಒಂದು ಮೊಣಕೈ ಮಾಡಿಸಿ ಗಾಳಿಯನ್ನು ಕಾಂಪೌಂಡಿನ ಕಡೆ ತಿರುಗಿಸಿದೆ. ಕಾಯಿಲಿನಿಂದ ಇಳಿಯುವ ನೀರಿಗೆ ಪೈಪು ಹಾಕಿ ಕರಿಬೇವಿನ ಗಿಡಕ್ಕೆ ಬಿಟ್ಟಿದ್ದೇವೆ. ಆನೋಡ್ ರಾಡನ್ನು ವರ್ಷ ತುಂಬಿದ ಕೂಡಲೇ ಬಿಚ್ಚಿ ನೋಡಬೇಕು ಅಂತ ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದಿಟ್ಟಿದ್ದೇನೆ. ಬೋರಿನ ನೀರು ಬಳಸುವವರು ಅದಕ್ಕಿಂತ ತಡ ಮಾಡಬೇಡಿ.