ರೋಟವೇಟರ್‌ಗೆ ಗಾಡಿ ಮಾಡಿದ್ದು

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ನನ್ನ ರೋಟವೇಟರ್ ಸುಮಾರು 400 ಕೆ.ಜಿ. ಇದೆ. ಮೊದಲೆಲ್ಲ ಶೆಡ್ಡಿನ ಮೂಲೆಗೆ ಸರಿಸಬೇಕಾದರೆ ಹಾರೆ ಹಾಕಿ ಮೀಟುತ್ತಿದ್ದೆವು. ಒಬ್ಬರು ಮೀಟುವುದು, ಇನ್ನೊಬ್ಬರು ಅಡಿಗೆ ಮರದ ತುಂಡು ಕೊಡುವುದು. ಒಂದು ದಿನ ತುಂಡು ಜಾರಿ, ಚೈನ್ ಕವರಿನ ಕಡೆ ಧಡ್ ಅಂತ ನೆಲಕ್ಕೆ ಬಿತ್ತು. ನನ್ನ ಬೆರಳು ಆಗಷ್ಟೇ ಅಲ್ಲಿಂದ ಆಚೆ ಬಂದಿತ್ತು. ಅವತ್ತೇ ಹಾರೆ ಬಿಟ್ಟೆ.

ಸಿ ಚಾನೆಲ್ (C ಆಕಾರದ ಕಬ್ಬಿಣದ ಪಟ್ಟಿ) ತಂದು ಒಂದು ಗಾಡಿ ವೆಲ್ಡ್ ಮಾಡಿದೆ. ಅದಕ್ಕೆ ತಲಾ 250 ಕೆ.ಜಿ. ತಾಳುವ ನಾಲ್ಕು ಚಕ್ರ. ಅಷ್ಟು ಜಾಸ್ತಿ ಯಾಕೆ ಅಂದರೆ, ನೆಲ ಎಲ್ಲೂ ಸಮ ಇರುವುದಿಲ್ಲ. ಎಷ್ಟೋ ಸಲ ಎದುರುಬದುರು ಮೂಲೆಯ ಎರಡೇ ಚಕ್ರಗಳು ಪೂರ್ತಿ ಭಾರ ಹೊರುತ್ತವೆ. ಮೊದಲು ಹಾಕಿದ್ದು ಮೂರು ಇಂಚಿನ ಚಕ್ರ. ಒಂದು ಸಣ್ಣ ನಟ್ಟು ಅಡ್ಡ ಸಿಕ್ಕಿದರೂ ಗಾಡಿ ಗಕ್ಕನೆ ನಿಂತು, ಮೇಲಿನ ಭಾರ ಮುಂದಕ್ಕೆ ವಾಲುತ್ತಿತ್ತು. ಆರು ಇಂಚಿನದು ಹಾಕಿದ ಮೇಲೆ ಆ ಕಾಟ ಇಲ್ಲ. ಚಕ್ರಗಳನ್ನು ಗಾಡಿಯ ಅಡಿಗೆ ಹಾಕದೆ ಹೊರಗಡೆಗೆ ಕೂರಿಸಿದೆ. ಹಾಗಾಗಿ ಹಲಗೆ ನೆಲಕ್ಕೆ ಎರಡೇ ಇಂಚು ಎತ್ತರದಲ್ಲಿದೆ. ಭಾರ ತಗ್ಗಿನಲ್ಲಿದ್ದಷ್ಟೂ ಮಗುಚುವ ಭಯ ಕಡಿಮೆ, ಅಲ್ವಾ?

ರೋಟವೇಟರನ್ನು ಗಾಡಿಯ ಮೇಲೆ ಇಳಿಸುವುದು ಟ್ರ್ಯಾಕ್ಟರಿನದ್ದೇ ಕೆಲಸ. ಗಾಡಿಯ ಬ್ರೇಕ್ ಹಾಕಿ, ಹೈಡ್ರಾಲಿಕ್‌ನಿಂದ ನಿಧಾನವಾಗಿ ಇಳಿಸುತ್ತೇನೆ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡ ಮೇಲೇ ಹಿಂದೆ ಹೋಗುವುದು. ಇಂಜಿನ್ನಿಂದ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟ್ ಬಿಚ್ಚಿ, ಆಮೇಲೆ ಅದನ್ನು ಮೇಲಿನಿಂದ ಟ್ರ್ಯಾಕ್ಟರಿಗೆ ಹಿಡಿದಿರುವ ಟಾಪ್ ಲಿಂಕಿಗೆ ಕೈ ಹಾಕುತ್ತೇನೆ. ಇಲ್ಲಿ ಮಾತ್ರ ಅವಸರ ಬೇಡ. ಪಿನ್ ಬಿಗಿಯಾಗಿದ್ದರೆ ರೋಟವೇಟರ್ ಇನ್ನೂ ಅದರ ಮೇಲೆ ವಾಲಿಕೊಂಡಿದೆ ಅಂತಲೇ ಅರ್ಥ. ಸುತ್ತಿಗೆಯಿಂದ ಹೊಡೆದು ತೆಗೆದರೆ ಮಗುಚಬಹುದು. ಲಿಂಕನ್ನು ತಿರುಗಿಸುತ್ತಾ ಸಡಿಲ ಮಾಡಿ, ಪಿನ್ ಬೆರಳಲ್ಲೇ ತಿರುಗುವ ಹಾಗಾದಾಗ ಎಳೆಯುತ್ತೇನೆ. ಕೆಳಗಿನ ಎರಡು ಪಿನ್ ಕೊನೆಗೆ.

ಮಣ್ಣು ಮಗುಚುವ ಎಂ.ಬಿ. (ಮೌಲ್ಡ್‌ಬೋರ್ಡ್) ನೇಗಿಲಿಗೆ ಗಾಡಿ ಮಾಡಿಲ್ಲ. ಅದು ತಾನಾಗಿ ನೆಟ್ಟಗೆ ನಿಲ್ಲುವ ವಸ್ತುವಲ್ಲ. ಅದರ ಸ್ಟ್ಯಾಂಡಿನಲ್ಲಿ ಇಟ್ಟು ಕಂಬಕ್ಕೆ ಚೈನ್ ಬಿಗಿಯುತ್ತೇನೆ. ಯಾವುದನ್ನೂ ಹೈಡ್ರಾಲಿಕ್ ಮೇಲೆ ಎತ್ತಿಟ್ಟು ಮನೆಗೆ ಹೋಗುವುದಿಲ್ಲ. ಆಯಿಲ್ ಸೋರಿದರೆ, ಯಾರಾದರೂ ಸುಮ್ನೆ ಲಿವರ್ ಮುಟ್ಟಿದರೆ, ಕೆಳಗೇ ಬರುತ್ತದೆ.

ಈಗ ರೋಟವೇಟರನ್ನು ಒಬ್ಬನೇ ತಳ್ಳುತ್ತೇನೆ. ಶೆಡ್ಡಿನ ಬಾಗಿಲಲ್ಲಿ ನೀರು ಹೋಗಲು ಸ್ವಲ್ಪ ಇಳಿಜಾರಿದೆ. ಅಲ್ಲಿ ಗಾಡಿ ಒಮ್ಮೆ ಉರುಳಿದರೆ ಕೈಯಲ್ಲಿ ನಿಲ್ಲುವ ಮಾತೇ ಇಲ್ಲ. ಅದಕ್ಕೇ ಚಕ್ರ ತಡೆಯಲು ಬಾಗಿಲಿಂದ ಒಂದಡಿ ಒಳಗೆ ನೆಲಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಆಂಗಲ್ ಬೋಲ್ಟ್ ಮಾಡಿದ್ದೇನೆ.