ಟಿಕ್ ಬಿಟ್ಟು ಸಂಖ್ಯೆ ಬರೆಸಿದೆ: ಲ್ಯಾಬ್ ರಿಪೋರ್ಟ್ ತಪಾಸಣೆಯ ನನ್ನ ಅನುಭವ

ಪ್ರಯೋಗದ ರಿಪೋರ್ಟ್ ಕೊಡುವ ಮುಂಚೆ ಪೂರ್ತಿ ಇದೆಯಾ ನೋಡಿಕೊಳ್ಳಿ ಅಂತ ಲ್ಯಾಬ್‌ನಲ್ಲಿ ಪಾಠ ಮಾಡುವ ನಾವೆಲ್ಲ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಹೇಳಿದ್ದಷ್ಟೇ ಬಂತು. ಕೈಗೆ ಬರುವ ಹೊತ್ತಿಗೆ ಒಂದರಲ್ಲಿ ಯೂನಿಟ್ ಇಲ್ಲ, ಇನ್ನೊಂದರಲ್ಲಿ ಗ್ರಾಫಿಗೆ ಸ್ಕೇಲ್ ಇಲ್ಲ, ಮತ್ತೊಂದರಲ್ಲಿ ಫಲಿತಾಂಶದ ಪುಟವೇ ಇಲ್ಲ. ನಾನು ಈಗ ಮಾಡಿಸುವ ವಿಧಾನ ಹೇಳಿದಾಗ ಜೊತೆಯವರು ನಕ್ಕಿದ್ದರು. "ಚೆಕ್‌ಲಿಸ್ಟ್ ಇದೆಯಲ್ಲಾ, ಇದೆಲ್ಲ ಯಾಕೆ ಸುಮ್ನೆ?" ಅಂದರು. ಈಗ ಅವರಲ್ಲೇ ಕೆಲವರು ನನ್ನ ಚೀಟಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಚೆಕ್‌ಲಿಸ್ಟ್ ಕಥೆ ಮೊದಲು ಹೇಳಿಬಿಡುತ್ತೇನೆ. ಎರಡು ಪುಟ, ಮೂವತ್ತು ಚಿಲ್ಲರೆ ಸಾಲು. ಉದ್ದೇಶ ಇದೆಯಾ, ಸೂತ್ರ ಇದೆಯಾ, ಟೇಬಲ್ ಇದೆಯಾ, ಎರರ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವುದು) ಲೆಕ್ಕ ಹಾಕಿದ್ದೀರಾ. ವಿದ್ಯಾರ್ಥಿಗಳು ಅದನ್ನು ಬಾಗಿಲ ಹತ್ತಿರ ನಿಂತುಕೊಂಡು ಮೇಲಿಂದ ಕೆಳಗೆ ಒಂದೇ ಉಸಿರಿಗೆ ಟಿಕ್ ಹಾಕುತ್ತಿದ್ದರು. ಅನುಮಾನ ಬಂದು ಮಧ್ಯದಲ್ಲಿ ಒಂದು ಸಾಲು ಸೇರಿಸಿದೆ: "ಚಂದ್ರನ ತೂಕವನ್ನು ಟೇಬಲ್‌ನಲ್ಲಿ ನಮೂದಿಸಿದ್ದೀರಾ?" ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಲೋಲಕದ ಪ್ರಯೋಗಕ್ಕೆ! ಮುಕ್ಕಾಲು ಪಾಲು ಜನ ಅದಕ್ಕೂ ಟಿಕ್ ಹಾಕಿದ್ದರು. ಪ್ರತಿ ರಿಪೋರ್ಟಿಗೆ ಎರಡು ಹಾಳೆ ಅಂದರೆ ಟರ್ಮ್ ಮುಗಿಯುವಷ್ಟರಲ್ಲಿ ರಿಮ್‌ಗಟ್ಟಲೆ ಕಾಗದ. ಅಷ್ಟು ಖರ್ಚು ಮಾಡಿ ಸಿಕ್ಕಿದ್ದು ಟಿಕ್‌ಗಳ ರಾಶಿ.

ಆಮೇಲೆ ಸಾಫ್ಟ್‌ವೇರ್ ಹುಚ್ಚು. ರಿಪೋರ್ಟ್ ಅಪ್‌ಲೋಡ್ ಮಾಡಿದರೆ ಯಾವ ಭಾಗ ಬಿಟ್ಟುಹೋಗಿದೆ ಅಂತ ಅದೇ ಹೇಳುತ್ತದೆ ಅಂದರು. ವಿಭಾಗದಲ್ಲಿ ದುಡ್ಡಿಲ್ಲ ಅಂತ ನನ್ನ ಕೈಯಿಂದಲೇ ಒಂದು ವರ್ಷದ ಚಂದಾ ಕಟ್ಟಿದೆ. ಅದು ನೋಡುತ್ತಿದ್ದದ್ದು ತಲೆಬರಹ ಮಾತ್ರ. "ಲೆಕ್ಕಾಚಾರ" ಅಂತ ಬರೆದು ಕೆಳಗೆ "ಮೇಲಿನ ಸೂತ್ರದಂತೆ" ಅಂತ ಒಂದು ಸಾಲು ಹಾಕಿದವನಿಗೂ ಹಸಿರು ಬಣ್ಣ ತೋರಿಸಿತು. ಆ ದುಡ್ಡಿನಲ್ಲಿ ಒಂದು ಬ್ಯಾಚಿಗೆ ಆಗುವಷ್ಟು ಒಳ್ಳೆಯ ಸ್ಟಾಪ್‌ವಾಚ್ ಬರುತ್ತಿದ್ದವು. ನಾನೇ ಎಲ್ಲರ ಡ್ರಾಫ್ಟ್ ನೋಡಿಕೊಡುತ್ತೇನೆ ಅಂತಲೂ ಸ್ವಲ್ಪ ದಿನ ನಡೆಸಿದೆ. ರಾತ್ರಿಗಳು ಹೋದವು. ಮೇಡಂ ಹೇಗೂ ನೋಡ್ತಾರೆ ಅಂತ ಡ್ರಾಫ್ಟ್‌ಗಳು ಇನ್ನೂ ಹಾಳಾದವು.

ಈಗ ನಡೆಯುತ್ತಿರುವುದು ಹೀಗೆ. ರಿಪೋರ್ಟನ್ನು ಕೊನೆಯಿಂದ ಹಿಂದಕ್ಕೆ ನೋಡಬೇಕು. ಟಿಕ್ ಹಾಕುವ ಹಾಗಿಲ್ಲ. ಕಾಲು ಹಾಳೆಯ ಚೀಟಿಯಲ್ಲಿ ಏಳೆಂಟು ಖಾಲಿ ಜಾಗ, ಎಲ್ಲದರಲ್ಲೂ ಸಂಖ್ಯೆಯನ್ನೇ ಬರೆಯಬೇಕು. ಮೊದಲು ಫಲಿತಾಂಶ, ಯೂನಿಟ್ ಮತ್ತು ಎರರ್ ಸಮೇತ. ಆ ಸಂಖ್ಯೆ ಯಾವ ಪುಟದ ಯಾವ ಸಾಲಿನಿಂದ ಬಂತು. ಆ ಸಾಲು ಯಾವ ಟೇಬಲ್‌ನಿಂದ ಬಂತು. ಟೇಬಲ್‌ನಲ್ಲಿ ತಪಾಸಣೆ ಮಾಡುವವರು ತಮಗೆ ಬೇಕಾದ ಒಂದು ರೀಡಿಂಗ್ ಆರಿಸಿಕೊಂಡು, ಅದರಿಂದಲೇ ಉತ್ತರವನ್ನು ಮತ್ತೆ ಲೆಕ್ಕ ಹಾಕಿ ಬರೆಯಬೇಕು. ಆ ರೀಡಿಂಗ್ ಕೊಟ್ಟ ಉಪಕರಣದ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಮತ್ತು ಝೀರೋ ಎರರ್ (ಸೊನ್ನೆ ತೋರಿಸಬೇಕಾದ ಕಡೆ ಅದು ತೋರಿಸುವ ಅಳತೆ). ಸಿಗದೇ ಹೋದ ಜಾಗದಲ್ಲಿ "ಇಲ್ಲ" ಅಂತ ಬರೆಯಬೇಕು. ಇಷ್ಟೇ.

ತಪಾಸಣೆ ಮಾಡುವವರು ಯಾರು ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ಅದೇ ಪ್ರಯೋಗ ಮಾಡಿದವರು ಬೇಡ. ಅವರು ಬಿಟ್ಟುಹೋದದ್ದನ್ನು ತಮ್ಮ ತಲೆಯಿಂದಲೇ ತುಂಬಿಕೊಂಡು ಓದುತ್ತಾರೆ. ಆ ವಾರ ಬೇರೆ ಪ್ರಯೋಗ ಮಾಡುತ್ತಿರುವ, ಎದುರು ಮೇಜಿನವರು ಬೇಕು. ರಿಪೋರ್ಟ್ ಬರೆದವರು ಪಕ್ಕದಲ್ಲೇ ಕೂತಿರಬಹುದು, ಬಾಯಿ ಮಾತ್ರ ಬಿಡಬಾರದು. ಮೊದಮೊದಲು ಇದಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಹತ್ತು ನಿಮಿಷದ ಆಸುಪಾಸು.

ಲೋಲಕದ ಒಂದು ರಿಪೋರ್ಟ್ ಚೆನ್ನಾಗಿ ನೆನಪಿದೆ. ಗುರುತ್ವ ವೇಗೋತ್ಕರ್ಷ 9.7716 ಅಂತ ದೊಡ್ಡದಾಗಿ ಬಾಕ್ಸ್ ಹಾಕಿದ್ದ. ತಪಾಸಣೆಗೆ ಕೂತವಳು ಟೇಬಲ್‌ನಿಂದ ಒಂದು ಸಾಲು ತೆಗೆದುಕೊಂಡಳು: ಉದ್ದ 99 ಸೆಂ.ಮೀ., 20 ಆಂದೋಲನಕ್ಕೆ 40.2 ಸೆಕೆಂಡ್. ಅವಳ ಲೆಕ್ಕಕ್ಕೆ 9.67 ಬಂತು. ಮತ್ತೆ ಹಾಕಿದಳು, ಮತ್ತೆ ಅದೇ. "ಮೇಡಂ, ಇವನು 100 ಹಾಕಿದ ಹಾಗಿದೆ. ಆ ಒಂದು ಸೆಂಟಿಮೀಟರ್ ಎಲ್ಲಿಂದ ಬಂತು?" ಅಂದಳು. ಅದು ಗುಂಡಿನ ತ್ರಿಜ್ಯ, ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಹಿಡಿಯಬೇಕಲ್ಲ. ಹುಡುಗ ಅಳೆದಿದ್ದ, ಸೇರಿಸಿಯೂ ಇದ್ದ, ಬರೆದಿರಲಿಲ್ಲ. ಚೆಕ್‌ಲಿಸ್ಟ್ ಪ್ರಕಾರ ಆ ರಿಪೋರ್ಟ್ ಪೂರ್ತಿಯಾಗಿತ್ತು. ಉದ್ದ ಇದೆ, ಸಮಯ ಇದೆ, ಸೂತ್ರ ಇದೆ. ನಾನು ನೋಡಿದ್ದರೂ ಬಹುಶಃ ಸಹಿ ಹಾಕಿ ಕಳಿಸುತ್ತಿದ್ದೆ, ಉತ್ತರ ಸರಿ ಇತ್ತಲ್ಲ!

ಅದೇ ರಿಪೋರ್ಟಿನಲ್ಲಿ ಎರರ್ ಜಾಗಕ್ಕೆ "ಇಲ್ಲ" ಬಿತ್ತು. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನಲ್ಲಿ 0.2 ಸೆಕೆಂಡ್ ಆಚೀಚೆ ಆಗುವುದು ಮಾಮೂಲು. 40 ಸೆಕೆಂಡಿಗೆ ಅದು ಅರ್ಧ ಶೇಕಡಾ. ಸೂತ್ರದಲ್ಲಿ ಸಮಯಕ್ಕೆ ವರ್ಗ ಇರುವುದರಿಂದ ಉತ್ತರದಲ್ಲಿ ಒಂದು ಶೇಕಡಾ, ಅಂದರೆ 0.1ರಷ್ಟು. ಅಂಥ ಕಡೆ ದಶಮಾಂಶದ ನಂತರ ನಾಲ್ಕು ಅಂಕಿ ಇಟ್ಟುಕೊಂಡು ಏನು ಮಾಡುವುದು? ಚೀಟಿಯಲ್ಲಿ ಉತ್ತರ, ಎರರ್ ಎರಡನ್ನೂ ಪಕ್ಕಪಕ್ಕ ಬರೆಸುವುದರಿಂದ ಇದು ಅವರಿಗೇ ಕಾಣುತ್ತದೆ. ಅಂಕಿಗಳ ಬಗ್ಗೆ ನಾನು ಪಾಠ ಮಾಡುವುದನ್ನೇ ಬಿಟ್ಟಿದ್ದೇನೆ.

ಕೆಮಿಸ್ಟ್ರಿಯಲ್ಲಿ ಈ ಚೀಟಿ ಇನ್ನೂ ಜೋರು. ಸೋಡಿಯಂ ಹೈಡ್ರಾಕ್ಸೈಡ್‌ಅನ್ನು ಸುಮ್ನೆ ತೂಕ ಮಾಡಿ ನಂಬುವ ಹಾಗಿಲ್ಲ, ಗಾಳಿಯ ತೇವ ಹೀರುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. ಅದಕ್ಕೇ ಆಕ್ಸಾಲಿಕ್ ಆಸಿಡ್ ಮೇಲೆ ಟೈಟ್ರೇಷನ್ (ಸಾಂದ್ರತೆ ಗೊತ್ತಿರುವ ದ್ರಾವಣದ ಜೊತೆ ಬೆರೆಸಿ ಅಳೆಯುವುದು) ಮಾಡಿಸುತ್ತೇವೆ. ಒಂದು ರಿಪೋರ್ಟಿನಲ್ಲಿ "ಆಕ್ಸಾಲಿಕ್ ಆಸಿಡ್ 0.63 ಗ್ರಾಂ, 100 ಮಿ.ಲೀ." ಅಂತಿತ್ತು, ಸಾಂದ್ರತೆ 0.05 ಮೋಲಾರ್. ಫಿಸಿಕ್ಸ್ ಕಡೆಯಿಂದ ಬಂದಿದ್ದ ಹುಡುಗ ಅಣುಸೂತ್ರ ನೋಡಿ ಅಣುತೂಕ 90 ಅಂತ ಹಿಡಿದ. ಅವನಿಗೆ 0.07 ಬಂತು. ಬಾಟಲಿಯಲ್ಲಿದ್ದದ್ದು ಎರಡು ನೀರಿನ ಅಣು ಸೇರಿದ ಹರಳು, 126. ಲೇಬಲ್‌ನಲ್ಲಿ ಇದ್ದದ್ದು ರಿಪೋರ್ಟಿಗೆ ಬರಲಿಲ್ಲ, ನಲವತ್ತು ಶೇಕಡಾ ವ್ಯತ್ಯಾಸ. ಕೆಮಿಸ್ಟ್ರಿ ಗೊತ್ತಿರುವವರು ಇದನ್ನು ಹಿಡಿಯುತ್ತಲೇ ಇರಲಿಲ್ಲ. ಅವರ ಕೈ ತಾನಾಗಿಯೇ 126 ಬರೆಯುತ್ತಿತ್ತು.

ಶಬ್ದದ ವೇಗದ ಪ್ರಯೋಗದಲ್ಲಿ ಕೊಠಡಿಯ ತಾಪಮಾನ ಬರೆಯದವರು ಬೇಕಾದಷ್ಟು. 347 ಅಂತ ಉತ್ತರ ಬರೆದು, ಪುಸ್ತಕದ 331ರ ಜೊತೆ ಹೋಲಿಸಿ, ಐದು ಶೇಕಡಾ ತಪ್ಪು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. 331 ಸೊನ್ನೆ ಡಿಗ್ರಿಯ ಲೆಕ್ಕ. ಪ್ರತಿ ಡಿಗ್ರಿಗೆ 0.6 ಸೇರಿಸಿದರೆ 27 ಡಿಗ್ರಿಗೆ 347 ಸರಿಯಾಗೇ ಬರುತ್ತದೆ. ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜ್‌ನ ಝೀರೋ ಎರರ್ ಕಥೆಯೂ ಇದೇ. 0.4 ಮಿ.ಮೀ. ತಂತಿಯಲ್ಲಿ 0.02 ಬಿಟ್ಟುಹೋದರೆ ಐದು ಶೇಕಡಾ, ರೆಸಿಸ್ಟಿವಿಟಿಯಲ್ಲಿ (ತಂತಿಯ ಲೋಹ ವಿದ್ಯುತ್ತಿಗೆ ಒಡ್ಡುವ ತಡೆಯ ಲೆಕ್ಕ) ವ್ಯಾಸಕ್ಕೆ ವರ್ಗ ಇರುವುದರಿಂದ ಹತ್ತು. ಝೀರೋ ಎರರ್ ಇಲ್ಲದಿದ್ದರೆ "ಸೊನ್ನೆ" ಅಂತ ಬರೆದಿರಲೇಬೇಕು ಅನ್ನುವುದು ನನ್ನ ನಿಯಮ. ಖಾಲಿ ಬಿಟ್ಟರೆ ನೋಡಿಲ್ಲ ಅಂತಲೇ ಲೆಕ್ಕ.

ನಡುವೆ ಕೆಲವು ಅಡ್ಡದಾರಿ ಹಿಡಿದೆ. ರಿಪೋರ್ಟನ್ನು ಜೋರಾಗಿ ಓದಿಸಿ ನೋಡಿದೆ. ಗಲಾಟೆ ಜಾಸ್ತಿ ಆಯ್ತು, ಉಪಯೋಗ ಕಡಿಮೆ. ಟೇಬಲ್‌ನ ಫೋಟೋ ಮಾತ್ರ ತೆಗೆದು ಬೇರೆ ಬ್ಯಾಚಿಗೆ ಕಳಿಸಿ, "ಇದು ಯಾವ ಪ್ರಯೋಗ?" ಅಂತ ಕೇಳಿಸಿದೆ. ಇದು ಚೆನ್ನಾಗಿ ನಡೆಯಿತು. ಯೂನಿಟ್ ಇಲ್ಲದ ಟೇಬಲ್ ಮನೆ ನಂಬರ್ ಇಲ್ಲದ ವಿಳಾಸ ಇದ್ದ ಹಾಗೆ, ಯಾರಿಗೂ ಗುರುತು ಸಿಗಲಿಲ್ಲ. ಅದೇ ಆಟವನ್ನು ಗ್ರಾಫಿನಲ್ಲಿ ಆಡಿಸಿದರೆ ಬರಲಿಲ್ಲ. ಎಲ್ಲ ಗ್ರಾಫೂ ಸರಳ ರೇಖೆ, ಊಹೆ ಮಾಡಿಬಿಡುತ್ತಾರೆ. ಬಯಾಲಜಿಯ ಗೆಳತಿಯೊಬ್ಬರು ಚಿತ್ರಗಳಿಗೆ ಚೀಟಿ ಬಳಸಿ ನೋಡಿದರು. ಅವರಿಗೆ ಮೊದಲು ಸಿಕ್ಕಿದ್ದು ವರ್ಧನೆ. ಆಬ್ಜೆಕ್ಟಿವ್ ಮೇಲಿನ 40 ನೋಡಿ 40 ಅಂತಲೇ ಬರೆಯುತ್ತಾರೆ, ಐಪೀಸ್‌ನ 10 ಸೇರಿ 400 ಆಗಬೇಕಲ್ವಾ? ಅವರು ಈಗ ಪ್ರತಿ ಚಿತ್ರಕ್ಕೂ ಸ್ಕೇಲ್ ಗೆರೆ ಹಾಕಿಸುತ್ತಿದ್ದಾರೆ. ಅದೇ ಸರಿ.

ಎರರ್‌ಗೆ ಕಾರಣ ಬರೆಯುವ ಕಡೆ "ಮಾನವ ದೋಷ" ಅನ್ನುವ ಮಾತನ್ನು ನಿಷೇಧ ಮಾಡಿದ್ದೇನೆ. ಅದು ಕಾರಣವಲ್ಲ, ನೋಡದೆ ಹಾಕುವ ಸಹಿ ಇದ್ದ ಹಾಗೆ. ಯಾವ ರೀಡಿಂಗ್, ಎಷ್ಟು, ಯಾವ ದಿಕ್ಕಿಗೆ ಅಂತ ಹೇಳದಿದ್ದರೆ ಚೀಟಿಯಲ್ಲಿ "ಇಲ್ಲ" ಅಂತಲೇ ಬರೆಯಬೇಕು.

ಮೊದಲು ಅರ್ಧದಷ್ಟು ರಿಪೋರ್ಟ್ ವಾಪಸ್ ಕಳಿಸುತ್ತಿದ್ದೆ. ಈಗ ಹತ್ತರಲ್ಲಿ ಒಂದು, ಕೆಟ್ಟ ವಾರದಲ್ಲಿ ಎರಡು. ಮರುಪ್ರಿಂಟ್ ಖರ್ಚು ವಿದ್ಯಾರ್ಥಿಗಳಿಗೆ ಉಳಿಯಿತು, ಕಾಗದದ ಖರ್ಚು ನನಗೆ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಹಳೇ ಹಾಳೆಯ ಹಿಂಬದಿಯಲ್ಲಿ ಮುದ್ರಿಸುವುದರಿಂದ ಅದೂ ಇಲ್ಲ ಅನ್ನಬಹುದು.

ಪ್ರಯೋಗ ಮಾಡದೆ ಮೇಜಿನ ಮುಂದೆ ಕೂತು ಹುಟ್ಟಿಸಿದ ರೀಡಿಂಗ್‌ಗಳನ್ನು ಈ ಚೀಟಿ ಹಿಡಿಯುವುದಿಲ್ಲ. ಅವು ಎಲ್ಲ ಕಡೆಯೂ ತಾಳೆಯಾಗುತ್ತವೆ. ಅದಕ್ಕೆ ನನ್ನ ಹತ್ತಿರ ಬೇರೆ ಉಪಾಯ ಇದೆ, ಚೀಟಿಯ ಕೊನೆಯ ಖಾಲಿ ಜಾಗ ಅದಕ್ಕಾಗಿಯೇ. ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ. ಮುಂದಿನ ಟರ್ಮಿಗೆ ಗುಂಪು ಪ್ರಾಜೆಕ್ಟ್‌ಗಳಿಗೂ ಚೀಟಿ ಮಾಡಬೇಕು. ಅಲ್ಲಿ ಒಂದರ ಬದಲು ನಾಲ್ಕೈದು ಫಲಿತಾಂಶ ಇರುತ್ತವೆ. ಯಾವುದರಿಂದ ಹಿಂದಕ್ಕೆ ನಡೆಸಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ತಪಾಸಣೆ ಮಾಡುವವರೇ ಒಂದನ್ನು ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದೇನೆ.